ಬಾಬ್‌ಕ್ಯಾಟ್: ಬೆಕ್ಕೋ, ಯಂತ್ರವೋ?

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ತಿಂಗಳು ಕಚೇರಿಗೆ ಬಂದಾಗ, ಆಸ್ಟ್ರೇಲಿಯಾದಲ್ಲಿರುವ ಮಗ ಫೋನಿನಲ್ಲಿ ಹೇಳಿದ ಮಾತೊಂದನ್ನು ನಮ್ಮ ಮುಂದಿಟ್ಟರು. ಒಂದು ದಿನದ ಮಟ್ಟಿಗೆ ಬಾಬ್‌ಕ್ಯಾಟ್ ಬಾಡಿಗೆಗೆ ತಂದು ಹಿತ್ತಲನ್ನೆಲ್ಲ ಮಟ್ಟ ಮಾಡಿಸಿದೆ ಎಂದನಂತೆ. ಇವರು ನಿಘಂಟು ತೆಗೆದು ನೋಡಿದರೆ ಅಮೆರಿಕದ ಒಂದು ಕಾಡುಬೆಕ್ಕು ಎಂದಿತ್ತು. "ಬೆಕ್ಕು ಹಿತ್ತಲು ಕೆರೆಯುವುದು ನನಗೂ ಗೊತ್ತು ಸ್ವಾಮಿ, ಮಟ್ಟ ಮಾಡುವುದುಂಟೆ?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಆದರೆ ಈ ಪ್ರಶ್ನೆಗೂ ನಮ್ಮ ತೋಟಗಳಿಗೂ ಸಂಬಂಧವಿರುವುದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಿಘಂಟಿನ ತಪ್ಪೇನೂ ಇಲ್ಲ. ದಕ್ಷಿಣ ಕೆನಡಾದಿಂದ ಮೆಕ್ಸಿಕೋವರೆಗೆ ಕಾಡು, ಕುರುಚಲು, ಮರುಭೂಮಿಗಳಲ್ಲೆಲ್ಲ ಈ ಬೆಕ್ಕು ಇದೆ. ಮನೆಯ ಬೆಕ್ಕಿಗಿಂತ ಸಾಕಷ್ಟು ದೊಡ್ಡದು. ಮುಖ್ಯ ಆಹಾರ ಮೊಲ. ಹೆಸರಿನಲ್ಲಿರುವ 'ಬಾಬ್' ಯಾವ ರಾಬರ್ಟನ ಮುದ್ದಿನ ಹೆಸರೂ ಅಲ್ಲ. ಹೆಣ್ಣುಮಕ್ಕಳ ಬಾಬ್ ಕಟ್ ಎನ್ನುತ್ತೇವಲ್ಲ, ಅದೇ ಬಾಬ್. ಇದರ ಬಾಲ ಒಂದು ಗೇಣೂ ಇಲ್ಲ. ಅಂದರೆ, ಮೋಟುಬಾಲದ ಬೆಕ್ಕು. ಅಲ್ಲಿಯ ಕೆಲವು ಕಾಲೇಜುಗಳ ಆಟದ ತಂಡಗಳಿಗೆ ಇದೇ ಹೆಸರಿದೆ. 2024ರವರೆಗೆ ಮಕ್ಕಳ ಸ್ಕೌಟ್ ದಳದ ಮೊದಲ ದರ್ಜೆಗೂ ಇದೇ ಹೆಸರಿತ್ತು. ಆ ಗೊಡವೆ ನಮಗೆ ಬೇಡ.

ಹಿತ್ತಲು ಮಟ್ಟ ಮಾಡಿದ ಬಾಬ್‌ಕ್ಯಾಟಿನ ಕಥೆ ಬೇರೆ. ಅಮೆರಿಕದ ಮಿನೆಸೋಟ ರಾಜ್ಯದ ರಾತ್ಸೇ ಎಂಬ ಊರಿನ ಬಳಿ ಟರ್ಕಿ ಕೋಳಿ ಸಾಕುವ ರೈತನೊಬ್ಬನಿದ್ದ. ಅವನ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಂಬಗಳು. ಮೇಲಿನ ಅಂತಸ್ತು ಟ್ರಾಕ್ಟರಿನ ಭಾರ ತಾಳುವಂತಿರಲಿಲ್ಲ. ಗೊಬ್ಬರ ತೆಗೆಯುವುದೇ ದೊಡ್ಡ ತಲೆನೋವು. ಅದೇ ಊರಿನ ಸಿರಿಲ್ ಮತ್ತು ಲೂಯಿ ಕೆಲ್ಲರ್ ಎಂಬ ಸಹೋದರರು 1957ರಲ್ಲಿ ಅವನಿಗೆ ಮೂರು ಚಕ್ರದ ಹಗುರವಾದ ಯಂತ್ರವೊಂದನ್ನು ಮಾಡಿಕೊಟ್ಟರು. ಮರುವರ್ಷ ನಾರ್ತ್ ಡಕೋಟದ ಮೆಲ್ರೋ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1960ರಲ್ಲಿ ನಾಲ್ಕು ಚಕ್ರ ಬಂತು. ಗಟ್ಟಿ, ಚುರುಕು ಎಂಬ ಅರ್ಥದಲ್ಲಿ 1962ರಲ್ಲಿ ಆ ಬೆಕ್ಕಿನ ಹೆಸರನ್ನೇ ಇಟ್ಟರು. ರೈತನ ಕೊಟ್ಟಿಗೆಯ ಕಷ್ಟದಿಂದ ಹುಟ್ಟಿದ ಯಂತ್ರವೆಂಬುದೇ ನಮಗೆ ಹಿಡಿಸಿದ ಸಂಗತಿ.

ಇಂದು ಆಸ್ಟ್ರೇಲಿಯಾದಲ್ಲಿ ಈ ಬಗೆಯ ಯಂತ್ರವನ್ನು ಯಾರು ತಯಾರಿಸಿದರೂ ಜನರ ಬಾಯಲ್ಲಿ ಅದು ಬಾಬ್‌ಕ್ಯಾಟೇ. ನಮ್ಮಲ್ಲಿ ಮಣ್ಣು ಅಗೆಯುವುದೆಲ್ಲ ಜೆಸಿಬಿ ಆದಂತೆ. ಆದ್ದರಿಂದ ಹೆಸರು ಕೇಳಿ ಬೆಲೆ ವಿಚಾರಿಸುವವರು ಯಾವ ಕಂಪನಿಯದು, ಯಾವ ಅಳತೆಯದು ಎಂದು ಮೊದಲು ಕೇಳಬೇಕು.

ಆಳು ಸಿಗದ ಈ ಕಾಲದಲ್ಲಿ ಸಂಘವೇ ಇಂಥದೊಂದನ್ನು ಕೊಂಡು ಬಾಡಿಗೆಗೆ ಕೊಡಬಾರದೇಕೆ ಎಂದು ಕೆಲವರು ಕೇಳಿದ್ದಾರೆ. ಕಣದಲ್ಲಿ, ಗೊಬ್ಬರದ ಕೊಟ್ಟಿಗೆಯಲ್ಲಿ ಇದು ಒಳ್ಳೆಯ ಕೆಲಸ ಮಾಡೀತು. ಆದರೆ ಇದರ ಚಕ್ರಗಳು ಕಾರಿನವುಗಳಂತೆ ಓರೆಯಾಗಿ ತಿರುಗುವುದಿಲ್ಲ. ಒಂದು ಬದಿಯವು ಓಡಿ, ಇನ್ನೊಂದು ಬದಿಯವು ನಿಧಾನವಾಗಿ, ನೆಲವನ್ನು ಉಜ್ಜಿಕೊಂಡೇ ತಿರುಗಬೇಕು. ಕಾಫಿಯ ಹೀರುಬೇರುಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲೇ ಇರುವುದು ಎಲ್ಲರಿಗೂ ತಿಳಿದದ್ದೇ. ಗಿಡಗಳ ನಡುವೆ, ಅದರಲ್ಲೂ ಇಳಿಜಾರಿನಲ್ಲಿ, ಮಳೆಗಾಲದ ಮುಂಚೆ ಇದನ್ನು ಓಡಿಸಿದರೆ ಆಳಿನ ಕೂಲಿ ಉಳಿದೀತು, ಮಣ್ಣು ಹೋದೀತು. ಅಡಿಕೆ ತೋಟದ ಬಸಿಗಾಲುವೆಗಳ ನಡುವೆ ಇಳಿಸುವ ಯೋಚನೆಯೇ ಬೇಡ ಎಂಬುದು ನಮ್ಮ ಅಭಿಪ್ರಾಯ.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಆಸಕ್ತ ಸದಸ್ಯರು ತಮ್ಮ ಕೊಟ್ಟಿಗೆಯ ಬಾಗಿಲಿನ ಅಗಲ, ಕಂಬಗಳ ನಡುವಿನ ಅಂತರ ಅಳೆದು ಬರೆದುಕೊಂಡು ಬರಬೇಕಾಗಿ ವಿನಂತಿ.