ಹಸಿವು ಮರೆಯದ ರಮಾಬಾಯಿ

ಪುಣೆಯ ಖರಾಡಿಯಲ್ಲಿರುವ ನಮ್ಮ ಮನೆಯಿಂದ ಹಡಪಸರಕ್ಕೆ ಹೋಗಿ ಸೊಲ್ಲಾಪುರ ರಸ್ತೆ ಹಿಡಿದರೆ, ದೌಂಡಿನ ದಾರಿಯಲ್ಲಿ ಕೇಡಗಾಂವ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲೇ. ಮರಾಠಿಗರು ಅವರನ್ನು ತಮ್ಮವರೆಂದೇ ಎಣಿಸುತ್ತಾರೆ. ಹುಟ್ಟಿದ್ದು ಮಾತ್ರ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಸಿಟ್ಟಿಗೆ ಗುರಿಯಾಗಿದ್ದರು ತಂದೆ ಅನಂತಶಾಸ್ತ್ರಿ ಡೋಂಗ್ರೆ. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟುಕೊಂಡು ಆ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಪುರಾಣ ಹೇಳಿ ಹೊಟ್ಟೆ ಹೊರೆಯಿತು.

1870ರ ದಶಕದ ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ಕೊಂಡೊಯ್ದಿತು. ತಾಯಿಯ ಶವ ಹೊರಲು ಜನರಿರಲಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು. ಅವರ ಜೊತೆ ಅಣ್ಣ, ನಾಲ್ಕನೆಯವಳು ರಮಾ. ಎತ್ತರ ಸಾಲದೆ ಹೆಗಲ ಬದಲು ತಲೆಯ ಮೇಲೆ ಹೊತ್ತಳಂತೆ. ಮುಂದೆ ಅಣ್ಣ ಹೋದ, 1882ರಲ್ಲಿ ಗಂಡನೂ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಾಗ ಮಡಿಲಲ್ಲಿ ಪುಟ್ಟ ಮಗಳಿದ್ದಳು.

1896ರಲ್ಲಿ ಮತ್ತೆ ಬರ ಬಂತು. ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ, ಹಸಿದು ದಿಕ್ಕೆಟ್ಟ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಕೇಡಗಾಂವದಲ್ಲಿ ಅನ್ನ ಹಾಕಿದರು, ಅಕ್ಷರ ಕಲಿಸಿದರು, ನೇಯ್ಗೆ, ಒಕ್ಕಲುತನ, ಮುದ್ರಣ ಕಲಿಸಿದರು. 1912ರಲ್ಲಿ ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದರು. ಮಗಳು ಮನೋರಮಾ ಅದನ್ನು ನಡೆಸಿದರು. ಆ ಮಗಳೂ 1921ರಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿ. ಅವರ ಮರಾಠಿ ಬೈಬಲ್ ಅನುವಾದ ಅಚ್ಚಾಗಿ ಬಂದದ್ದು 1924ರಲ್ಲಿ.

ನನಗೆ ಇಷ್ಟೆಲ್ಲ ಮನಸ್ಸಿಗೆ ಹತ್ತಿದ್ದು ಯಜಮಾನರು ಹೋದ ಮೇಲೆ. ಧಾರವಾಡದ ಮನೆಗೆ ಬೀಗ ಹಾಕಿ ಮಗನ ಜೊತೆ ಇಲ್ಲಿಗೆ ಬಂದೆ. ಅವನದು ಐಟಿ ಪಾರ್ಕಿನಲ್ಲಿ ರಾತ್ರಿ ಪಾಳಿ. ಸಂಜೆಯ ಕುಟುಂಬ ಪ್ರಾರ್ಥನೆಗೆ ನಾನೊಬ್ಬಳೇ. ಮಾತನಾಡಿಸಲು ಬಂದವರು "ದೇವರ ಚಿತ್ತ" ಎಂದು ಬೇಗ ಎದ್ದು ಹೋಗುತ್ತಿದ್ದರು. ದೇವರ ಮೇಲೆ ನನಗೆ ಭರವಸೆಯಿದೆ. ಆದರೂ ದುಃಖದಲ್ಲಿರುವವರ ಬಾಯಿ ಮುಚ್ಚಿಸಲು ಆ ಮಾತನ್ನು ಬಳಸಬಾರದು. ಬರ ಏಕೆ ಬಂತೆಂದು ರಮಾಬಾಯಿ ಆ ಹುಡುಗಿಯರಿಗೆ ವಿವರಿಸುತ್ತ ಕೂರಲಿಲ್ಲ. ತಾವು ಹಸಿದದ್ದನ್ನು ನೆನೆದು ಒಲೆ ಹಚ್ಚಿದರು.

ನಮ್ಮ ಸಭೆಯಲ್ಲಿ ಎಲ್ಲಕ್ಕಿಂತ ದೊಡ್ಡ ನೆನಪಿನ ಆಚರಣೆಯೇ ಒಂದು ಊಟ: ಕರ್ತನ ರಾತ್ರಿಭೋಜನ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಉಂಡದ್ದನ್ನು ನೆನೆದು ರೊಟ್ಟಿ ಮುರಿದು ಹಂಚಿಕೊಳ್ಳುತ್ತೇವೆ, ದ್ರಾಕ್ಷಾರಸ ಕುಡಿಯುತ್ತೇವೆ. ತೀರಿಹೋದವರಿಗಾಗಿ ವರ್ಷಕ್ಕೊಮ್ಮೆ ಸ್ಮರಣೆಯ ಪ್ರಾರ್ಥನೆ ಮಾಡಿ, ಬಂದವರಿಗೆ ಊಟ ಹಾಕುವುದು ನಮ್ಮ ಮನೆತನದ ರೂಢಿ.

ಇಲ್ಲಿ ಬರುವವರು ಯಾರು? ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಕಲಬುರಗಿ ಕಡೆಯ ಹೆಂಗಸರು ಇಟ್ಟಿಗೆ ಹೊರುತ್ತಾರೆ. ಅವರಿಗೇ ಜೋಳದ ರೊಟ್ಟಿ, ಪುಂಡಿಪಲ್ಯ ಒಯ್ದೆ. ಯಾರ ಹೆಸರಿನ ಊಟವೆಂದು ಒಬ್ಬಾಕೆ ಕೇಳಿದಳು, ಹೇಳಿದೆ.

"ಅವ್ರಿಗಿ ಏನ್ ಭಾಳ ಸೇರ್ತಿತ್ರಿ ಅವ್ವಾರ?"

"ಶೇಂಗಾ ಚಟ್ನಿ."

"ಹಂಗಾರ ಮುಂದಿನ ಸಲ ಅದು ನಾ ಕುಟ್ಟಿ ಕೊಡ್ತೀನಿ. ನೀವು ರೊಟ್ಟಿ ಅಷ್ಟ ತರ್ರಿ."