ಸೊಳ್ಳೆಯ ಲೆಕ್ಕವಿಟ್ಟ ವಿದ್ವಾಂಸರು

ಶತ್ರುವು ಓಡಿಹೋದನೆಂದು ಕೋಟೆಯ ಕಾವಲನ್ನು ತೆಗೆದವರು ಕೆಟ್ಟರೆಂಬುದು ಚರಿತ್ರೆಯ ಪಾಠ. ಈ ಮಾತು ಮಲೇರಿಯಾ ರೋಗಕ್ಕೂ ಸಲ್ಲುವುದೆಂಬುದನ್ನು ಕೀಟಶಾಸ್ತ್ರಜ್ಞ ಟಿ. ರಾಮಚಂದ್ರರಾಯರ ಸೇವೆಯನ್ನು ಸ್ಮರಿಸುವಾಗ ನಮ್ಮ ವಾಚಕರು ಮನಗಾಣದಿರಲಾರರು.

ಹಿಂದೆ ಮಲೆನಾಡೆಂದರೆ ಚಳಿಜ್ವರದ ತವರೆಂದೇ ಪ್ರತೀತಿಯಿದ್ದಿತು. ಜ್ವರಗೆಡ್ಡೆ ಬೆಳೆದು ಹೊಟ್ಟೆ ಉಬ್ಬಿದ ಮಕ್ಕಳನ್ನು ಎಲ್ಲೆಲ್ಲಿಯೂ ಕಾಣಬಹುದಾಗಿದ್ದಿತು. ಈ ರೋಗದ ಅಣುಜೀವಿಯನ್ನು ರೊನಾಲ್ಡ್ ರಾಸ್ ಸಾಹೇಬರು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದೊಳಗೆ ಕಂಡರು. ಆದರೆ ಯಾವ ಸೀಮೆಯಲ್ಲಿ ಯಾವ ಜಾತಿಯ ಸೊಳ್ಳೆಯು ಅಪರಾಧಿಯೆಂದು ಹಳ್ಳಿಹಳ್ಳಿಗೆ ಹೋಗಿ ಪತ್ತೆಮಾಡುವ ಕಾರ್ಯವು ಉಳಿದೇ ಇದ್ದಿತು.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ॥ ಡಿ. ಕೆ. ವಿಶ್ವನಾಥನ್ನರೊಡಗೂಡಿ ರಾಯರು ಈ ಕಾರ್ಯವನ್ನು ಕೈಕೊಂಡರು. ಮನೆ ಕೊಟ್ಟಿಗೆಗಳ ಗೋಡೆಗಳ ಮೇಲೆ ತಂಗಿದ ಸೊಳ್ಳೆಗಳನ್ನು ಹಿಡಿದು, ಜಾತಿಯನ್ನು ಗುರುತಿಸಿ, ಜಠರವನ್ನೂ ಜೊಲ್ಲುಗ್ರಂಥಿಯನ್ನೂ ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಲೆಕ್ಕವಿಡುವುದೇ ಈ ಶಾಸ್ತ್ರದ ಕ್ರಮ. ಬೆಟ್ಟದ ತೊರೆಗಳ ತಿಳಿನೀರಿನಲ್ಲಿ ಹುಟ್ಟಿ ಮನುಷ್ಯರ ರಕ್ತವನ್ನು ಹೀರುವ ಫ್ಲುವಿಯಾಟಿಲಿಸ್ ಎಂಬ ಅನಾಫಿಲೀಸ್ ಜಾತಿಯೇ ಮಲೆನಾಡಿನ ಮುಖ್ಯ ಅಪರಾಧಿ. ಅದು ತಂಗುವ ಸ್ಥಳವು ತಿಳಿದಮೇಲೆ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವುದು ಸಾರ್ಥಕವಾಯಿತು. ಈ ಪ್ರಯೋಗದ ವರದಿಗಳನ್ನು ಇವರಿಬ್ಬರೂ 1947 ಮತ್ತು 1948ರಲ್ಲಿ ಪ್ರಕಟಿಸಿದರು. 1953ರಲ್ಲಿ ಅದೇ ವಿಧಾನವು ದೇಶವ್ಯಾಪಿಯಾಯಿತು.

ಫಲವು ಅದ್ಭುತವಾಗಿದ್ದಿತು. ಸ್ವಾತಂತ್ರ್ಯ ಬಂದ ವರ್ಷದಲ್ಲಿ ರೋಗಿಗಳು 7.5 ಕೋಟಿ, ಮೃತರು 8 ಲಕ್ಷವೆಂದು ಅಂದಾಜು. 1965ರ ವೇಳೆಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಜಯವಾಯಿತೆಂದು ಪಹರೆಯು ಸಡಿಲವಾಯಿತು. ಸೊಳ್ಳೆಗಳೂ ಔಷಧವನ್ನು ಸಹಿಸತೊಡಗಿದವು. 1976ರಲ್ಲಿ ರೋಗಿಗಳು ಮರಳಿ 64 ಲಕ್ಷವಾದರು!

ರಾಯರಾದರೋ ತಮ್ಮ ಕಾವಲನ್ನು ಬಿಡಲಿಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕ ಪದವಿಯನ್ನು ಅಲಂಕರಿಸಿದ ಬಳಿಕವೂ, ಭಾರತದ ಅನಾಫಿಲೀಸ್ ಸೊಳ್ಳೆಗಳನ್ನೆಲ್ಲ ವಿವರಿಸುವ ಬೃಹದ್ಗ್ರಂಥವೊಂದನ್ನು 1980ರ ದಶಕದಲ್ಲಿ ದೇಶಕ್ಕೆ ಕೊಟ್ಟರು.

ಇದರಿಂದ ನಲ್ಲೂರಿನವರಾದ ನಮಗೇನು ಎಂದು ಕೆಲವರು ಕೇಳಬಹುದು. ನಮ್ಮ ಚನ್ನಗಿರಿ ತಾಲ್ಲೂಕಿನಲ್ಲಿ ಭದ್ರಾ ನಾಲೆಯಿದೆ, ಸೂಳೆಕೆರೆಯಿದೆ, ಗದ್ದೆಗಳಿವೆ. ಬಯಲುಸೀಮೆಯ ಮಲೇರಿಯಾವನ್ನು ಹರಡುವ ಕುಲಿಸಿಫೇಸೀಸ್ ಜಾತಿಗೆ ಇಂತಹ ನೀರೇ ತೊಟ್ಟಿಲು. 2030ರೊಳಗೆ ಮಲೇರಿಯಾವನ್ನು ದೇಶದಿಂದ ನಿರ್ಮೂಲಮಾಡುವೆವೆಂದು ಸರ್ಕಾರದವರು ಸಂಕಲ್ಪಿಸಿರುವುದು ಸ್ತುತ್ಯವೇ ಸರಿ. ಆದರೆ ರೋಗಿಗಳು ಕಡಮೆಯಾದರೆಂದು ಕೀಟಶಾಸ್ತ್ರಜ್ಞರ ಹುದ್ದೆಗಳನ್ನು ಖಾಲಿಯಿಡುವುದಾಗಲಿ, ರಕ್ತಪರೀಕ್ಷೆಯನ್ನು ಕಾಗದದ ಮೇಲೆ ಮಾತ್ರ ನಡೆಸುವುದಾಗಲಿ ಎಲ್ಲಿಯೂ ಆಗಕೂಡದು. ಪುರಜನರೂ ಮನೆಯ ಸುತ್ತಣ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಪರೀಕ್ಷೆಗೆ ಬಂದ ಆರೋಗ್ಯ ಸಿಬ್ಬಂದಿಗೆ ಬಾಗಿಲು ತೆರೆಯಬೇಕು. ರಾಯರಂಥವರ ಶ್ರಮಕ್ಕೆ ನಾವು ಸಲ್ಲಿಸಬಹುದಾದ ಗೌರವವು ಇದೇ ಆಗಿದೆ.