ಸ್ಪಾರ್ಕ್ ಪ್ಲಗ್ಗಿನ ಸವೆದ ಥ್ರೆಡ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತಾದರೂ ಅದರ ಜಾವಾ, ಯೆಜ್ಡಿ ವಾಹನಗಳನ್ನು ಹೊರನಾಡಿನಲ್ಲಿಯೂ ಜೋಪಾನವಾಗಿ ಉಳಿಸಿಕೊಂಡಿರುವವರುಂಟು. ಇಂಥ ಹಳೆಯ ಎಂಜಿನ್ನುಗಳಿಗೆ ಬರುವ ಒಂದು ತೊಂದರೆಯೆಂದರೆ ಸ್ಪಾರ್ಕ್ ಪ್ಲಗ್ ಕೂರುವ ರಂಧ್ರದ ಥ್ರೆಡ್ ಕಿತ್ತುಹೋಗುವುದು. ಪ್ಲಗ್ಗಿನ ಮೈ ಉಕ್ಕು, ಸಿಲಿಂಡರ್ ಹೆಡ್ಡು ಮೆದುವಾದ ಅಲ್ಯೂಮಿನಿಯಂ. ಓರೆಯಾಗಿ ತಿರುಗಿಸಿದರೆ ಸೋಲುವುದು ಯಾವುದೆಂದು ಹೇಳಬೇಕಾಗಿಲ್ಲ. ಥ್ರೆಡ್ ಸಡಿಲವಾದರೆ ಒತ್ತಡ ಸೋರುತ್ತದೆ. ಕೊನೆಗೆ ಪ್ಲಗ್ಗೇ ಸಿಡಿದು ಹೊರಬರಬಹುದು. ಪೆಟ್ರೋಲ್ ಟ್ಯಾಂಕಿನ ಕೆಳಗೆ, ಸವಾರನ ಮೊಣಕಾಲಿನ ಬಳಿ, ಅದು ಸಣ್ಣ ಅಪಾಯವಲ್ಲ.

ಕೆಲವರು ಯಾವುದೋ ಅಂಟು ಮೆತ್ತಿ ಕೂರಿಸಿಕೊಡುತ್ತಾರೆ, ಇದಕ್ಕೆ ಒಪ್ಪಬಾರದು. ಸರಿಯಾದ ಕ್ರಮವೆಂದರೆ ಹೆಡ್ಡನ್ನು ಬಿಚ್ಚಿ (ಟೂ-ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ ವಾಲ್ವುಗಳಿಲ್ಲದ್ದರಿಂದ ಇದು ಸುಲಭ), ರಂಧ್ರವನ್ನು ಟ್ಯಾಪಿನಿಂದ ದೊಡ್ಡದು ಮಾಡಿ, ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ಉಕ್ಕಿನ ಸುರುಳಿಯನ್ನು ಒಳಗೆ ತಿರುಗಿಸುವುದು. ಅದರ ಒಳಗಿನ ಅಳತೆ ಮತ್ತೆ ಮೊದಲಿನಂತೆ 14 ಮಿ.ಮೀ., 1.25 ಪಿಚ್ ಆಗಿರುತ್ತದೆ. ಹೆಡ್ಡನ್ನು ಬಿಚ್ಚದೆ ಮಾಡಿದರೆ ಲೋಹದ ಚೂರುಗಳು ಸಿಲಿಂಡರಿನೊಳಗೆ ಬಿದ್ದು ಗೋಡೆಯನ್ನು ಗೀರುವ ಭಯವಿದೆ. ಸುರುಳಿಯ ತುದಿಯು ದಹನಕೋಣೆಯೊಳಗೆ ಚಾಚಿಕೊಂಡಿರಕೂಡದು; ಅದು ಕೆಂಡದಂತೆ ಕಾದು, ಕಿಡಿಗೆ ಮೊದಲೇ ಇಂಧನವನ್ನು ಹೊತ್ತಿಸಿ, ಪಿಸ್ಟನ್ನನ್ನೇ ತೂತು ಮಾಡಬಲ್ಲದು.

ಎಂಜಿನ್ ತಣ್ಣಗಿರುವಾಗ ಹೊಸ ಪ್ಲಗ್ಗನ್ನು ಮೊದಲು ಬೆರಳುಗಳಿಂದಲೇ ಪೂರ್ತಿ ತಿರುಗಿಸಿ, ವಾಷರ್ ತಾಗಿದ ಮೇಲೆ ಮಾತ್ರ ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿಯಬೇಕು. ಹಳೆಯ ಪ್ಲಗ್ಗಾದರೆ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡನೆಯ ಒಂದು ಭಾಗ ಸಾಕು.